ಅಪಘಾತದ ಗಾಯ, ಪರಿಹಾರದ ಕೇಸು: ವಕೀಲರಿಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ನಮ್ಮ ಈ ಗುಂಪಿನಲ್ಲೇ ಮೂರು ಮನೆಯವರು ಆಸ್ಪತ್ರೆ ಕಂಡರು. ಕಾಸರಗೋಡಿನ ಟ್ರಿಬ್ಯೂನಲ್‌ನಲ್ಲಿ ಅಪಘಾತದ ಕೇಸು ನಡೆಸುವ ವಕೀಲ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ವಾಯ್ಸ್ ಮೆಸೇಜ್ ಬೇಡ.

ವಕೀಲರು: ನಮಸ್ಕಾರ. ನಾನು ಇಲ್ಲಿ ಕೇಸು ಹಿಡಿಯಲು ಬಂದಿಲ್ಲ. ವಕೀಲರು ಜಾಹೀರಾತು ಮಾಡಬಾರದು ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಆಸ್ಪತ್ರೆಯ ವಾರ್ಡಿಗೆ ಬಂದು ಖಾಲಿ ವಕಾಲತ್ತಿಗೆ (ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದ) ಸಹಿ ಕೇಳುವವರಿಗೆ ಸಹಿ ಹಾಕಬೇಡಿ. ಅವರು ಬ್ರೋಕರುಗಳು. ಕೇಳಿ.

ಮಂಜೇಶ್ವರದ ಸದಸ್ಯರು: ಮೇಡಂ, ಅಪಘಾತ ಆದದ್ದು ತೊಕ್ಕೊಟ್ಟಿನಲ್ಲಿ. ನಮ್ಮ ಮನೆ ಕೇರಳದಲ್ಲಿ. ಕೇಸು ಮಂಗಳೂರಿನಲ್ಲಿ ಹಾಕಬೇಕಾ, ಕಾಸರಗೋಡಿನಲ್ಲಾ?

ವಕೀಲರು: ಎರಡರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಅಪಘಾತ ಆದ ಜಾಗ, ಗಾಯಾಳು ಇರುವ ಊರು, ಎದುರು ಪಾರ್ಟಿ ಇರುವ ಊರು, ಈ ಮೂರರಲ್ಲಿ ಆಯ್ಕೆ ನಿಮ್ಮದು. ಮೋಟಾರು ವಾಹನ ಕಾಯ್ದೆಯ 166(2).

ಬದಿಯಡ್ಕದ ಸದಸ್ಯರು: ಇದು ನಿಜವಾ ಮೇಡಂ? ಫಾರ್ವರ್ಡ್ ಬಂದದ್ದು: “ಮೂರು ವರ್ಷ ಸತತ ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ಹಾಕಿದವರು ಅಪಘಾತದಲ್ಲಿ ತೀರಿಹೋದರೆ ಸರಕಾರ ಅವರ ಸರಾಸರಿ ಆದಾಯದ ಹತ್ತು ಪಟ್ಟು ಕೊಡಲೇಬೇಕು. ಸೆಕ್ಷನ್ 166. ಎಲ್ಲರಿಗೂ ಕಳಿಸಿ.”

ವಕೀಲರು: ಸುಳ್ಳು. 166ರಲ್ಲಿ ಸರಕಾರ ಹಣ ಕೊಡುವ ಮಾತೇ ಇಲ್ಲ. ಕೊಡುವುದು ತಪ್ಪು ಮಾಡಿದ ವಾಹನದ ಮಾಲೀಕ, ಅವನ ಪರವಾಗಿ ಇನ್ಶೂರೆನ್ಸ್ ಕಂಪನಿ. ಹತ್ತು ಪಟ್ಟು ಅಂತ ಲೆಕ್ಕವೂ ಇಲ್ಲ. ರಿಟರ್ನ್ಸ್ ಆದಾಯಕ್ಕೆ ಒಂದು ಸಾಕ್ಷಿ, ಅಷ್ಟೇ. ಇದನ್ನು ನಂಬಿ ತಾಲೂಕು ಆಫೀಸಿಗೆ ಓಡಾಡಿ ಕೇಸು ಹಾಕುವ ಸಮಯ ಕಳೆದುಕೊಂಡ ಒಬ್ಬ ತಾಯಿಯನ್ನು ನಾನು ನೋಡಿದ್ದೇನೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಪೆರ್ಲದ ಸದಸ್ಯೆ: ಮೇಡಂ, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ನಮ್ಮವರು ಯಕ್ಷಗಾನದ ಮದ್ದಳೆಗಾರರು. 34 ವರ್ಷ. ಪತ್ತನಾಜೆಗೆ, ಅಂದರೆ ಮೇಳದ ತಿರುಗಾಟ ಮುಗಿಯುವ ದಿನಕ್ಕೆ, ಹತ್ತು ದಿನ ಇರುವಾಗ ಆಟ ಮುಗಿಸಿ ಬೆಳಗ್ಗೆ ಸ್ಕೂಟರಿನಲ್ಲಿ ಬರುವಾಗ ಉಪ್ಪಳದ ಹತ್ತಿರ ಟಿಪ್ಪರ್ ಹೊಡೆಯಿತು. ಬಲಗೈ ಮಣಿಕಟ್ಟು ಪುಡಿಯಾಗಿ ಪ್ಲೇಟ್ ಹಾಕಿದ್ದಾರೆ. ನಾಲ್ಕು ತಿಂಗಳಾಯಿತು. ತಟ್ಟೆ ಹಿಡಿಯುತ್ತಾರೆ, ಆದರೆ ತೋರುಬೆರಳು, ನಡುಬೆರಳು ಪೂರ್ತಿ ಮಡಚುವುದಿಲ್ಲ. ಡಾಕ್ಟರು ಬಾಯಲ್ಲಿ “18 ಪರ್ಸೆಂಟ್ ಆಗಬಹುದು” ಅಂದರು. ಟಿಪ್ಪರಿನವರು 40 ಸಾವಿರ ಕೊಡುತ್ತೇವೆ, ಛಾಪಾ ಕಾಗದಕ್ಕೆ ಸಹಿ ಹಾಕಿ ಅನ್ನುತ್ತಾರೆ. ಪೊಲೀಸ್ ಕೇಸು ಇವರ ಮೇಲೆಯೇ ಆಗಿದೆಯಂತೆ. ಇವರೇ ನಿದ್ದೆಗಣ್ಣಿನಲ್ಲಿ ಬಲಕ್ಕೆ ಬಂದೆ ಅಂತ ಹೇಳಿಕೆ ಕೊಟ್ಟಿದ್ದಾರೆ ಅಂತ. ಇವರು ಹಾಗೆ ಹೇಳಲೇ ಇಲ್ಲ. ಹೇಳಿಕೆ ಮಲಯಾಳದಲ್ಲಿದೆ, ಇವರಿಗೆ ಓದಲು ಬರುವುದಿಲ್ಲ. ಮದ್ದಳೆಯನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದಾರೆ. ಏನು ಮಾಡಲಿ?

ವಕೀಲರು: ಅಕ್ಕಾ, ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ. ಇದನ್ನು ಮೊದಲು ಓದಿ, ಉಳಿದದ್ದು ಆಮೇಲೆ.

ಒಂದೊಂದೇ ಹೇಳುತ್ತೇನೆ. ಹೇಳಿಕೆಗೆ ಸಹಿ ಹಾಕಿದ್ದು ಹೇಗೆ? ಬಲಗೈಗೆ ಬ್ಯಾಂಡೇಜು ಇತ್ತಲ್ವಾ? ಎಡಗೈ ಹೆಬ್ಬೆಟ್ಟು ಒತ್ತಿಸಿರಬೇಕು. ಹೇಳಿದ್ದನ್ನು ಬರೆದುಕೊಂಡ ಮೇಲೆ ಅದನ್ನು ಓದಿ ಹೇಳಬೇಕು, ಆಮೇಲೆ ಸಹಿ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಈಗಿನ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ (ನಾಗರಿಕ ಸುರಕ್ಷಾ ಸಂಹಿತೆ) 173ರಲ್ಲಿ ಎರಡೂ ಇದೆ. ನಾಳೆಯೇ ಸ್ಟೇಷನ್ನಿಗೆ ಹೋಗಿ ಪ್ರತಿ ಕೇಳಿ. ಹೇಳಿಕೆ ಬರೆದ ತಾರೀಕು, ಗಂಟೆ ನೋಡಿ. ಮಲಯಾಳ ಓದಬಲ್ಲವರಿಂದ ಒಂದಕ್ಷರ ಬಿಡದೆ ಓದಿಸಿ.

ಆಮೇಲೆ ಆಸ್ಪತ್ರೆಯ ಕೇಸ್‌ಶೀಟ್ ತೆಗೆಸಿ. ಇವರನ್ನು ಸೇರಿಸಿದ್ದು ಎಷ್ಟು ಗಂಟೆಗೆ, ಒಟಿಗೆ (ಆಪರೇಷನ್ ಕೋಣೆಗೆ) ಹೋದದ್ದು ಎಷ್ಟಕ್ಕೆ, ಮಂಪರಿನ ಔಷಧ ಕೊಟ್ಟದ್ದು ಯಾವಾಗ, ಎಲ್ಲ ಅದರಲ್ಲಿರುತ್ತದೆ. ಸ್ಥಳದ ಮಹಜರು, ಮೋಟಾರು ವಾಹನ ಇನ್‌ಸ್ಪೆಕ್ಟರ ವರದಿ, ಇವೆರಡೂ ಬೇಕು. ಸ್ಕೂಟರಿಗೆ ಪೆಟ್ಟು ಹಿಂದಿನಿಂದ ಬಿದ್ದಿದೆಯಾ, ಎದುರಿನಿಂದಲಾ ಅಂತ ಆ ವರದಿಯಲ್ಲಿ ಗೊತ್ತಾಗುತ್ತದೆ. ಬಲಕ್ಕೆ ನುಗ್ಗಿ ಎದುರಿನ ವಾಹನಕ್ಕೆ ಬಡಿದ ಸ್ಕೂಟರಿಗೆ ಸಾಮಾನ್ಯವಾಗಿ ಪೆಟ್ಟು ಮುಂದೆ ಬೀಳುತ್ತದೆ, ಹಿಂದಿನ ಮಡ್‌ಗಾರ್ಡಿಗೆ ಅಲ್ಲ. ಇವನ್ನು ಹಿಡಿದುಕೊಂಡು ತನಿಖೆ ಸರಿಯಾಗಿಲ್ಲ ಅಂತ ಡಿವೈಎಸ್‌ಪಿಗೆ, ಎಸ್‌ಪಿಗೆ ಅರ್ಜಿ ಕೊಡಬೇಕು. ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು ಇದೆ. ಚಾರ್ಜ್‌ಶೀಟ್ ಯಾರ ಮೇಲೆ ಬೀಳುತ್ತದೆ ಅನ್ನುವುದಕ್ಕೆ ಟ್ರಿಬ್ಯೂನಲ್‌ನಲ್ಲಿ ತುಂಬಾ ತೂಕ ಇದೆ. ಆದ್ದರಿಂದಲೇ ಈ ಕೇಸು ನನಗೆ ಚಿಂತೆ ಹಿಡಿಸಿದೆ.

ಇನ್ನು ಸಮಯ. ಅಪಘಾತ ಆದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ 2022ರ ಏಪ್ರಿಲ್ 1ರಿಂದ ಕಾನೂನು ಇದೆ. ಈ ಮಿತಿಯ ವಿಷಯ ಸುಪ್ರೀಂ ಕೋರ್ಟಿನಲ್ಲಿದೆ. ತಡವಾಯಿತು ಅನ್ನುವ ಕಾರಣಕ್ಕೆ ಅರ್ಜಿ ವಜಾ ಮಾಡಬಾರದು ಅಂತ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಆಯಿತು. ಅದನ್ನು ನಂಬಿ ಕೂರಬೇಡಿ. ನಿಮಗೆ ಇನ್ನೂ ಎರಡು ತಿಂಗಳು ಇದೆ, ಅಷ್ಟರೊಳಗೆ ಹಾಕಿಬಿಡಿ.

18 ಪರ್ಸೆಂಟಿನ ಮಾತು. ಅದು ದೇಹದ ಲೆಕ್ಕ, ದುಡಿಮೆಯ ಲೆಕ್ಕ ಅಲ್ಲ. ರಾಜ್‌ಕುಮಾರ್ ಅನ್ನುವ ಒಬ್ಬ ಗಾಯಾಳುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿದೆ: ಗಾಯದಿಂದ ಆ ಮನುಷ್ಯನ ಸಂಪಾದನೆ ಎಷ್ಟು ಹೋಯಿತು ಅಂತ ನೋಡಬೇಕು. ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವವರಿಗೆ ಎರಡು ಬೆರಳು ಸ್ವಲ್ಪ ಗಟ್ಟಿಯಾದರೆ ಕಷ್ಟ, ಆದರೂ ನಡೆಯುತ್ತದೆ. ಮದ್ದಳೆಯ ಬಲಬದಿ ಬಾರಿಸುವವರಿಗೆ ಆ ಎರಡು ಬೆರಳೇ ಕಸುಬು. ತಿಂಗಳಿಗೆ 15,000 ಆದಾಯ ಅಂತ ಇಟ್ಟುಕೊಳ್ಳಿ. 40ರ ಒಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏಳಿಗೆಗೆ 40 ಪರ್ಸೆಂಟ್ ಸೇರಿಸುತ್ತಾರೆ, 21,000 ಆಯಿತು. ವರ್ಷಕ್ಕೆ 2,52,000. ವಯಸ್ಸಿಗೆ ತಕ್ಕಂತೆ ಸುಪ್ರೀಂ ಕೋರ್ಟು ಕೊಟ್ಟ ಪಟ್ಟಿ ಇದೆ, 34 ವಯಸ್ಸಿಗೆ 16ರಿಂದ ಗುಣಿಸಬೇಕು. 18 ಪರ್ಸೆಂಟ್ ಹಿಡಿದರೆ 7,25,760. ಅರ್ಧ ಸಂಪಾದನೆ ಹೋಯಿತು ಅಂತ ತೋರಿಸಿದರೆ 20,16,000. ಆಸ್ಪತ್ರೆ ಖರ್ಚು, ನೋವು, ಮಲಗಿದ್ದ ತಿಂಗಳುಗಳು ಬೇರೆ. 40 ಸಾವಿರಕ್ಕೆ ಯಾಕೆ ಅವಸರ ಮಾಡುತ್ತಿದ್ದಾರೆ ಅಂತ ಈಗ ಗೊತ್ತಾಯಿತಲ್ವಾ?

ಆದರೆ ನನಗೆ ಬೇಕಾದದ್ದು ಆ 20 ಲಕ್ಷ ಅಲ್ಲ, ಅವರ ಕೈ. ಫಿಸಿಯೋಥೆರಪಿ ನಡೆಯುತ್ತಿದೆಯಾ?

ನಿವೃತ್ತ ಮಾಸ್ಟ್ರು, ನೀರ್ಚಾಲು: ಕನ್ನಡದವರ ಹೇಳಿಕೆಯನ್ನು ಮಲಯಾಳದಲ್ಲಿ ಬರೆಯುವುದೇ ಅನ್ಯಾಯ. 1969ರ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು ಅಂತ ಇದೆ. ನಾವೆಲ್ಲ ಸೇರಿ ಮನವಿ ಕೊಡಬೇಕು.

ಉಪ್ಪಳದ ಸದಸ್ಯರು: ಮಾಸ್ಟ್ರೇ, 1956ರಿಂದ ಮನವಿ ಕೊಡುತ್ತಲೇ ಇದ್ದೇವೆ. ಮಕ್ಕಳಿಗೆ ಮಲಯಾಳ ಓದಲು ಕಲಿಸಿದ್ದರೆ ಈ ಹೆಬ್ಬೆಟ್ಟಿನ ಕತೆ ಆಗುತ್ತಿರಲಿಲ್ಲ.

ನಿವೃತ್ತ ಮಾಸ್ಟ್ರು: ಅಂದರೆ ತಪ್ಪು ಗಾಯಾಳುವಿನದ್ದಾ? ಚಂದದ ಮಾತು!

ಉಪ್ಪಳದ ಸದಸ್ಯರು: ನಾನು ಹಾಗೆ ಹೇಳಿಲ್ಲ. ನೀವು ಎಲ್ಲದಕ್ಕೂ ಭಾಷೆ ತರುತ್ತೀರಿ.

ವಕೀಲರು: ಮಾಸ್ಟ್ರೇ, ನಿಮ್ಮ ಮಾತು ನ್ಯಾಯವೇ. ಆದರೆ ಈ ಮನೆಯವರ ಹತ್ತಿರ ಇರುವುದು ಎರಡೇ ತಿಂಗಳು. ಮನವಿ ಅವರ ಕೈಗೆ ಸಹಾಯ ಮಾಡುವುದಿಲ್ಲ. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಓದಿಸದೆ ಬೆರಳು ಒತ್ತಬೇಡಿ ಅಂತ ಊರಲ್ಲಿ ಹೇಳಿ, ಅದು ದೊಡ್ಡ ಉಪಕಾರ.

ಪೈವಳಿಕೆಯ ಸದಸ್ಯರು: ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಕೆಲಸದವರಿಗೆ ಏನಾದರೂ ಸಿಗುತ್ತದಾ ಮೇಡಂ?

ಕುಂಬಳೆಯ ಸದಸ್ಯರು: ತಂಗಿ ಸ್ಕೂಟರಿನ ಹಿಂದೆ ಕೂತಿದ್ದಳು, ಹೆಲ್ಮೆಟ್ ಇರಲಿಲ್ಲ. ಕಾರು ಹೊಡೆದು ಕಾಲು ಮುರಿಯಿತು. ಹೆಲ್ಮೆಟ್ ಇಲ್ಲದ್ದಕ್ಕೆ ಕ್ಲೈಮ್ ಇಲ್ಲ ಅನ್ನುತ್ತಾರೆ.

ವಕೀಲರು: ಕ್ಲೈಮ್ ಇದೆ. ಕಾಲು ಮುರಿದದ್ದಕ್ಕೂ ಹೆಲ್ಮೆಟ್‌ಗೂ ಸಂಬಂಧ ಇಲ್ಲ. ತಲೆಗೆ ಪೆಟ್ಟಾಗಿದ್ದರೆ ಮೊತ್ತ ಸ್ವಲ್ಪ ಕಡಿಮೆ ಮಾಡಿ ಅಂತ ವಾದ ಬರುತ್ತದೆ. ಕಾರಿನ ಇನ್ಶೂರೆನ್ಸ್ ನಂಬರ್ ತೆಗೆದಿಟ್ಟುಕೊಳ್ಳಿ. ಇನ್ನೊಂದು ಮಾತು: ಸವಾರನ ತಪ್ಪಿನಿಂದ ಸ್ಕೂಟರ್ ತಾನೇ ಜಾರಿ ಬಿದ್ದರೆ, ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂದೆ ಕೂತವರಿಗೆ ಸಿಗುವುದಿಲ್ಲ. ಪ್ಯಾಕೇಜ್ (ಕಾಂಪ್ರೆಹೆನ್ಸಿವ್) ಪಾಲಿಸಿ ಬೇಕು. ಎಲ್ಲರೂ ಇವತ್ತೇ ನಿಮ್ಮ ಪಾಲಿಸಿ ತೆಗೆದು ನೋಡಿ.

ಹೊಸಂಗಡಿಯ ಸದಸ್ಯರು: ಗಡಿಯ ತಲಪಾಡಿ ಆಚೆ, ಕರ್ನಾಟಕದಲ್ಲಿ ಅಪಘಾತ ಆದರೆ ಕೇಸು ಎಲ್ಲಿ?

ವಕೀಲರು: ಮೇಲೆ ಹೇಳಿದ್ದೇನೆ.

ಮುಳ್ಳೇರಿಯದ ಸದಸ್ಯರು: ಪೆರ್ಲದ ಅಕ್ಕನಿಗೆ: ಪ್ಲೇಟ್ ಹಾಕಿದರೆ ಕೈ ಯಾವತ್ತೂ ಸರಿಯಾಗುವುದಿಲ್ಲ. ಪ್ಲೇಟ್ ತೆಗೆಸಿ. ಸೊಪ್ಪು ಅರೆದು ಮೊಟ್ಟೆಯ ಬಿಳಿ ಕಲಸಿ ಕಟ್ಟಿದರೆ 21 ದಿನದಲ್ಲಿ ಮೂಳೆ ಕೂಡುತ್ತದೆ. ಫಾರ್ವರ್ಡ್ ಬಂದದ್ದು, ತುಂಬಾ ಜನರಿಗೆ ಗುಣ ಆಗಿದೆ.

ವಕೀಲರು: ಇದನ್ನು ದಯವಿಟ್ಟು ಅಳಿಸಿ. ನಾನು ಡಾಕ್ಟರಲ್ಲ, ಆದರೆ ಇದರ ಪರಿಣಾಮ ನನ್ನ ಮೇಜಿಗೆ ಬರುತ್ತದೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಎರಡು ಎಕ್ಸ್‌ರೇ ಹಿಡಿದುಕೊಂಡು ಬಂದ. ಮೊದಲನೆಯದರಲ್ಲಿ ಮುಂಗೈ ಮೂಳೆಯಲ್ಲಿ ಸಣ್ಣ ಬಿರುಕು, ನೇರವಾಗಿಯೇ ಇತ್ತು. ಎರಡನೆಯದರಲ್ಲಿ ಮೂಳೆ ಬಾಗಿ ಕೂಡಿಕೊಂಡಿತ್ತು. ನಡುವೆ ಎರಡು ತಿಂಗಳು ಬಿಗಿಯಾಗಿ ಸೊಪ್ಪು ಕಟ್ಟಿಸಿಕೊಂಡಿದ್ದ. ಇನ್ಶೂರೆನ್ಸಿನವರು ಕೋರ್ಟಿನಲ್ಲಿ ಆ ಎರಡನ್ನೂ ಪಕ್ಕಪಕ್ಕ ಹಿಡಿದು, ಈ ಊನ ಅಪಘಾತದಿಂದ ಆದದ್ದಲ್ಲ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗನ ಕೈಯೂ ಹೋಯಿತು, ಹಣವೂ ಹೋಯಿತು. ಪೆರ್ಲದ ಅಕ್ಕಾ, ಆಪರೇಷನ್ ಮಾಡಿದ ಡಾಕ್ಟರು ಹೇಳದೆ ಪ್ಲೇಟ್ ಮುಟ್ಟಬೇಡಿ.

ಮುಳ್ಳೇರಿಯದ ಸದಸ್ಯರು: ನಮ್ಮ ಹಿರಿಯರೆಲ್ಲ ಆಸ್ಪತ್ರೆಗೆ ಹೋಗುತ್ತಿದ್ದರಾ? ನಿಮಗೆ ಬಿಲ್ಲು ಬೇಕು, ಅದಕ್ಕೇ ಆಸ್ಪತ್ರೆ ಅನ್ನುತ್ತೀರಿ.

ಬದಿಯಡ್ಕದ ಸದಸ್ಯರು: ಅಣ್ಣಾ, ಸುಮ್ನಿರಿ. ಅವರ ಬದುಕಿನ ಪ್ರಶ್ನೆ ಅದು.

ಮುಳ್ಳೇರಿಯದ ಸದಸ್ಯರು: ನೀವು ಸುಮ್ನಿರಿ. ವಕೀಲರು ಸಿಕ್ಕಿದ್ದರಲ್ಲಿ 30 ಪರ್ಸೆಂಟ್ ನುಂಗುವುದು ಊರಿಗೇ ಗೊತ್ತಿದೆ.

ವಕೀಲರು: ಗೆದ್ದ ಹಣದಲ್ಲಿ ಇಷ್ಟು ಪಾಲು ಅಂತ ಕರಾರು ಮಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಹಾಗೆ ಕೇಳಿದವರ ಮೇಲೆ ದೂರು ಕೊಡಿ, ನಾನೇ ಬರೆದುಕೊಡುತ್ತೇನೆ. ಫೀಸು ಕೊಡಲು ಆಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಇವರ ಆದಾಯ ನೋಡುವುದಿಲ್ಲ, ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಸಹಾಯವಾಣಿ 15100. ಭಾನುವಾರ ಸಂಜೆ ನಾನು ಇಲ್ಲಿ ಕೂತದ್ದು ಬಿಲ್ಲಿಗೋಸ್ಕರ ಅಲ್ಲ. ಆ ಹುಡುಗನ ಎರಡನೇ ಎಕ್ಸ್‌ರೇ ಇನ್ನೊಬ್ಬರ ಮನೆಯಲ್ಲಿ ನೋಡಬಾರದು ಅಂತ.

ಅಡ್ಮಿನ್: ಮುಳ್ಳೇರಿಯದ ಅಣ್ಣನಿಗೆ ಇದು ಕೊನೆಯ ಎಚ್ಚರಿಕೆ.

ಸೀತಾಂಗೋಳಿಯ ಸದಸ್ಯರು: ಹೊಡೆದ ವಾಹನ ನಿಲ್ಲಿಸದೆ ಹೋದರೆ?

ವಕೀಲರು: ವಾಹನ ಪತ್ತೆಯಾಗದಿದ್ದರೆ ಹಿಟ್ ಅಂಡ್ ರನ್ ಯೋಜನೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಎಫ್‌ಐಆರ್ ಬೇಕೇ ಬೇಕು.

ಬೋವಿಕ್ಕಾನದ ಸದಸ್ಯರು: ಆಸ್ಪತ್ರೆಯಲ್ಲಿ ಒಂದೂವರೆ ಲಕ್ಷದವರೆಗೆ ಪುಕ್ಕಟೆ ಅಂತ ಬಂದದ್ದೂ ಸುಳ್ಳಾ?

ವಕೀಲರು: ಅದು ನಿಜ. 2025ರ ಮೇ ತಿಂಗಳಿಂದ. ಅಪಘಾತ ಆದ ದಿನದಿಂದ 7 ದಿನ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ.

ಕಾಸರಗೋಡಿನ ಸದಸ್ಯರು: ಮೂರು ವರ್ಷ ರಿಟರ್ನ್ಸ್ ಹಾಕಿದವರಿಗೆ ಹತ್ತು ಪಟ್ಟು, ಎಲ್ಲರೂ ಓದಿ!

ವಕೀಲರು: ಸುಳ್ಳು. ಡಿಲೀಟ್ ಮಾಡಿ.

ಪೈವಳಿಕೆಯ ಸದಸ್ಯರು: ಅಡಿಕೆ ಮರದ್ದು ಕೇಳಿದ್ದೆ ಮೇಡಂ.

ಪೆರ್ಲದ ಸದಸ್ಯೆ: ಮೇಡಂ, ಡಿಸ್ಚಾರ್ಜ್ ಕಾಗದದ ಜೊತೆ ನರ್ಸು ಬರೆದ ಹಾಳೆ ಒಂದಿದೆ. ಬೆಳಗ್ಗೆ 6.50ಕ್ಕೆ ಸೇರಿಸಿದ್ದು. 8.15ಕ್ಕೆ ಒಟಿಗೆ. 11.40ಕ್ಕೆ ಹೊರಗೆ. ನನ್ನ ತಮ್ಮ ಸ್ಟೇಷನ್ನಿನಲ್ಲಿ ಎಫ್‌ಐಆರ್ ಫೋಟೋ ತೆಗೆದುಕೊಂಡು ಬಂದಿದ್ದ, ಈಗ ಹುಡುಕಿದೆ. ಹೇಳಿಕೆ ಬರೆದದ್ದು ಅದೇ ದಿನ ಬೆಳಗ್ಗೆ 9 ಗಂಟೆಗೆ ಅಂತ ಇದೆ. ಫಿಸಿಯೋಥೆರಪಿ ಒಂದು ತಿಂಗಳಿಂದ ನಿಲ್ಲಿಸಿದ್ದೇವೆ. ಬಸ್ಸಿನ ಖರ್ಚು ಜಾಸ್ತಿ ಆಯಿತು.

ವಕೀಲರು: ಆ ಹಾಳೆಯನ್ನು ಜೋಪಾನ ಮಾಡಿ ಅಕ್ಕಾ. 9 ಗಂಟೆಗೆ ಅವರು ಆಪರೇಷನ್ ಟೇಬಲ್ಲಿನ ಮೇಲಿದ್ದರು. ಈ ಒಂದು ಸಾಲು ಸಾಕು ಎಸ್‌ಪಿಯ ಹತ್ತಿರ ಹೋಗಲು. ಅಪಘಾತದ ವಿವರ ವರದಿಯನ್ನು ಪೊಲೀಸರು 90 ದಿನದೊಳಗೆ ಟ್ರಿಬ್ಯೂನಲ್‌ಗೆ ಕೊಡಬೇಕು, ಅದರಲ್ಲಿ ಏನು ಬರೆದಿದ್ದಾರೆ ಅಂತ ನಾನು ನೋಡುತ್ತೇನೆ.

ಫಿಸಿಯೋಥೆರಪಿ ನಾಳೆಯಿಂದ ಮತ್ತೆ ಶುರು ಮಾಡಿ. ದೂರ ಆದರೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಕೇಳೋಣ. ಬಸ್ಸಿನ ಟಿಕೆಟು ಒಂದೊಂದನ್ನೂ ಇಟ್ಟುಕೊಳ್ಳಿ, ಅದೂ ಕ್ಲೈಮಿನಲ್ಲಿ ಬರುತ್ತದೆ. ಅಟ್ಟದಿಂದ ಮದ್ದಳೆ ಇಳಿಸಿ. ಯಾವ ಬೆರಳು ಎಷ್ಟು ಮಡಚಬೇಕು, ಎಲ್ಲಿ ಬೀಳಬೇಕು ಅಂತ ಫಿಸಿಯೋಥೆರಪಿಯವರಿಗೆ ತೋರಿಸಲಿ. ತಟ್ಟೆ ಹಿಡಿಯುವಷ್ಟು ಗುಣವಾದರೆ ಸಾಕು ಅಂತ ಅವರು ಅಂದುಕೊಂಡಿರಬಹುದು. ನಿಮ್ಮವರಿಗೆ ಅದು ಸಾಕಾಗುವುದಿಲ್ಲ. ಮೇಳದ ಯಜಮಾನರಿಂದ ತಿರುಗಾಟದ ಸಂಬಳದ ಕಾಗದ, ಮಳೆಗಾಲದಲ್ಲಿ ಬೇರೆ ಕೆಲಸ ಮಾಡಿದ್ದರೆ ಅದರ ವಿವರ, ಹಳೆಯ ಆಟದ ಒಂದು ವಿಡಿಯೋ, ಇಷ್ಟು ತಯಾರು ಮಾಡಿ.

ಕೇಸು ನನ್ನ ಹತ್ತಿರವೇ ಕೊಡಬೇಕಾಗಿಲ್ಲ. ಕಾಗದ ನೋಡಲು ಮಾತ್ರ ಬನ್ನಿ. ಗುರುವಾರ ಹತ್ತು ಗಂಟೆಗೆ, ವಿದ್ಯಾನಗರದ ಕೋರ್ಟಿನ ಹತ್ತಿರ. ಎಕ್ಸ್‌ರೇ ಮಡಚಬೇಡಿ.

ಪೆರ್ಲದ ಸದಸ್ಯೆ: ಮದ್ದಳೆಯನ್ನೂ ತರಬೇಕಾ ಮೇಡಂ?

ವಕೀಲರು: ಬೇಡ. ಅದು ಅವರ ಜೊತೆ ಫಿಸಿಯೋಥೆರಪಿಗೆ ಹೋಗಲಿ. ನೀವು ಕಾಗದ ತನ್ನಿ.