ಪದಚರ್ಚೆ: ‘ಟರ್ಬೊ ಲ್ಯಾಗ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ (ತುಮಕೂರು)

ನಮಸ್ಕಾರ. ಹೊಸದಾಗಿ ಟರ್ಬೊ ಪೆಟ್ರೋಲ್ ಸೆಡಾನ್ ಕೊಂಡವರಿಗೆ ಮೊದಲ ಸಾವಿರ ಕಿಲೋಮೀಟರಿನ ಟಿಪ್ಪಣಿಯೊಂದು ಕನ್ನಡದಲ್ಲಿ ಬೇಕಾಗಿದೆ. ಲ್ಯಾಗ್ (ಆಕ್ಸಿಲರೇಟರ್ ಒತ್ತಿದರೂ ಕಸುವು ತಡೆದು ಬರುವುದು), ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ), ರನ್ನಿಂಗ್ ಇನ್ (ಹೊಸ ಎಂಜಿನ್ನನ್ನು ಮೊದಮೊದಲು ಹದವಾಗಿ ಓಡಿಸುವುದು) ಎಂಬ ಮೂರು ಪದಗಳಲ್ಲಿ ಬರವಣಿಗೆ ನಿಂತಿದೆ. ‘ಟರ್ಬೊ ವಿಳಂಬ’ ಅಂದರೆ ರೈಲು ತಡವಾದ ಹಾಗೆ ಕೇಳುತ್ತದೆ. ಗ್ಯಾರೇಜಿನಲ್ಲಿ ‘ಪಿಕಪ್ ಇಲ್ಲ’ ಅನ್ನುತ್ತಾರೆ. ಆದರೆ ಪಿಕಪ್ ಇಲ್ಲದಿರುವುದು ಬೇರೆ, ತಡೆದು ಬರುವುದು ಬೇರೆ. ಬಲ್ಲವರು ತಿಳಿಸಿ.

ಉತ್ತರ (ಮುಳಬಾಗಿಲು)

ಮೊದಲು ವಸ್ತು ನೋಡೋಣ ಸಾರ್, ಆಮೇಲೆ ಪದ. ಟರ್ಬೊದಲ್ಲಿ, ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಕುಲುಮೆಯ ಬೆಂಕಿ ತನ್ನ ತಿದಿಯನ್ನು ತಾನೇ ಒತ್ತಿಕೊಂಡ ಹಾಗೆ. ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ಹೋಗುತ್ತದೆ. ಲ್ಯಾಟಿನ್ನಿನಲ್ಲಿ ‘ಟರ್ಬೊ’ ಅಂದರೆ ಬುಗುರಿ, ಸುಂಟರಗಾಳಿ ಅಂತಲೂ ಅರ್ಥವಿದೆ. ಹೆಸರು ಇಟ್ಟಿದ್ದು ಸರಿಯಾಗೇ ಇದೆ.

ಕಾಲು ಒತ್ತಿದ ಮೇಲೆ ಹೊಗೆ ಹೆಚ್ಚಬೇಕು, ಚಕ್ರ ವೇಗ ಹಿಡಿಯಬೇಕು, ಪೈಪು, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಲ್ಲ ತುಂಬಬೇಕು. ಅಷ್ಟು ಹೊತ್ತೇ ಲ್ಯಾಗ್. ಜನ ಇದಕ್ಕೂ ಗೇರ್ ತಪ್ಪಿಗೂ ಒಂದೇ ಹೆಸರು ಇಡುತ್ತಾರೆ. ಹ್ಯುಂಡೈ ವೆರ್ನಾ 1.5 ಟರ್ಬೊ ಪೆಟ್ರೋಲ್ ತನ್ನ ಪೂರ್ತಿ 253 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುವುದು 1500ರಿಂದ 3500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ನಡುವೆ. ಐದನೇ ಗೇರಿನಲ್ಲಿ, 1200 ಆರ್‌ಪಿಎಂನಲ್ಲಿ ಒತ್ತಿದರೆ ಗಾಡಿ ಏಳುವುದಿಲ್ಲ, ಮುಕ್ಕರಿಯುತ್ತದೆ. ಅದು ಲ್ಯಾಗ್ ಅಲ್ಲ. ಎರಡು ಗೇರ್ ಇಳಿಸಿ 2000 ದಾಟಿಸಿದ ಮೇಲೂ ಕ್ಷಣ ಹೊತ್ತು ಕಾಯಿಸಿದರೆ ಅದು ಲ್ಯಾಗ್.

ಈ ಇಂಗ್ಲಿಷ್ ಪದವನ್ನು ಹಾಗೇ ಉಳಿಸಿಕೊಳ್ಳಿ ಎನ್ನಲು ನನಗೇನೂ ಅಡ್ಡಿಯಿಲ್ಲ, ಆದರೆ ನಮ್ಮ ಕಡೆ ತೆಲುಗು ಅಡ್ಡ ಬರುತ್ತದೆ. ತೆಲುಗಿನಲ್ಲಿ ‘ಲಾಗು’ ಅಂದರೆ ಎಳೆ. ‘ಬಂಡಿ ಲಾಗಡಂ ಲೇದು’ ಅಂದರೆ ಗಾಡಿ ಎಳೆಯುತ್ತಿಲ್ಲ. ಅಂಥ ಕಿವಿಗೆ ‘ಲ್ಯಾಗ್ ಜಾಸ್ತಿ’ ಅಂದರೆ ಚೆನ್ನಾಗಿ ಎಳೆಯುತ್ತದೆ ಅಂತಲೇ ಕೇಳಿಸೀತು!

ಬೂಸ್ಟಿಗೆ ‘ದಮ್ಮು’ ಅನ್ನಿ. ಉಸಿರು, ಕಸುವು ಎರಡೂ ಅದರಲ್ಲಿವೆ, ಟರ್ಬೊ ಮಾಡುವ ಕೆಲಸವೂ ಅದೇ. ಲ್ಯಾಗಿಗೆ ನಾಮಪದ ಹೊಸೆಯುವುದು ಬೇಡ. ‘ದಮ್ಮು ತಡೆದು ಬರುತ್ತೆ’ ಅಂತ ಕ್ರಿಯಾಪದದಲ್ಲಿ ಹೇಳಿದರೆ ಡ್ರೈವರಿಗೂ ತಿಳಿಯುತ್ತದೆ, ಮೆಕ್ಯಾನಿಕ್‌ಗೂ ತಿಳಿಯುತ್ತದೆ.

ಉತ್ತರ (ಚಿಕ್ಕಬಳ್ಳಾಪುರ)

ದಮ್ಮಿಗೆ ನನ್ನದೂ ಒಪ್ಪಿಗೆ. ನಂದಿಬೆಟ್ಟದ ತುದಿ 1478 ಮೀಟರ್. ಅಲ್ಲಿ ಗಾಳಿ ತೆಳುವಾಗಿ ಸಾದಾ ಎಂಜಿನ್ನಿನ ಕಸುವು ಇಳಿಯುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ಕೊರತೆ ಬಹುಪಾಲು ಮುಚ್ಚಿಹೋಗುತ್ತದೆ.

ರನ್ನಿಂಗ್ ಇನ್‌ಗೆ ‘ಪಳಗಿಸು’ ಸಾಕು. ಹೋರಿಗೆ ಮಾತ್ರ ಸಲ್ಲುವ ಪದ ಅನ್ನಬೇಡಿ, ದೋಸೆ ಕಾವಲಿಯನ್ನೂ ಪಳಗಿಸುತ್ತೇವೆ. ಇಲ್ಲಿ ಪಳಗುವುದು ಪಿಸ್ಟನ್ ರಿಂಗು, ಸಿಲಿಂಡರಿನ ಗೋಡೆಗೆ ಹೊಂದಿ ಕೂರುವವರೆಗೆ. ಮೊದಲ 1000 ಕಿ.ಮೀ. ಪೆಡಲನ್ನು ಪೂರ್ತಿ ಅದುಮಬಾರದು, ಆರ್‌ಪಿಎಂ ಮೀಟರಿನ ಕೆಂಪು ಗೆರೆಯ ಮೂರರಲ್ಲಿ ಎರಡು ಪಾಲು ಮೀರಬಾರದು. ಹೈದರಾಬಾದ್ ಹೆದ್ದಾರಿ ಸಿಕ್ಕಿತೆಂದು ಕ್ರೂಸ್ ಕಂಟ್ರೋಲ್ ಹಾಕಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬಾರದು, ವೇಗ ಏರಿಸಿ ಇಳಿಸುತ್ತಿರಬೇಕು. ಮುಕ್ಕರಿಸುವುದಂತೂ ಕೂಡದು. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವುದು) ಇರುವ ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂಗೆ ಹೆಚ್ಚು ದಮ್ಮು ಹೇರಿದರೆ ಪೆಟ್ರೋಲು ಕಿಡಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಹುದು.

ಇನ್ನೊಂದು ಪದ ನಿಮ್ಮ ಪಟ್ಟಿಯಲ್ಲಿಲ್ಲ, ಬೇಕಾಗುತ್ತದೆ: ಕೋಕಿಂಗ್. ಬೆಟ್ಟ ಹತ್ತಿದ ಕೂಡಲೇ ಎಂಜಿನ್ ಆಫ್ ಮಾಡಿದರೆ ಆಯಿಲ್ ಹರಿವು ನಿಲ್ಲುತ್ತದೆ, ಟರ್ಬೊ ಮಾತ್ರ ಕಾದೇ ಇರುತ್ತದೆ. ಬೇರಿಂಗಿನಲ್ಲಿ ನಿಂತ ಆಯಿಲ್ ಸೀದು ಕರಕಲು ಕಟ್ಟುತ್ತದೆ. ಅಡುಗೆಮನೆಯ ಮಾತಿನಲ್ಲಿ ‘ತಳ ಹತ್ತುವುದು’. ಗಾಡಿ ನಿಲ್ಲಿಸಿ, ಪೆಡಲ್ ಒತ್ತದೆ ಎಂಜಿನ್ನನ್ನು ಒಂದು ನಿಮಿಷ ಐಡಲ್ ಬಿಟ್ಟು ಆಮೇಲೆ ಆಫ್ ಮಾಡಿ. ಆಫ್ ಆದ ಮೇಲೂ ರೇಡಿಯೇಟರ್ ಫ್ಯಾನ್ ತಿರುಗುತ್ತಿದ್ದರೆ ಗಾಬರಿ ಬೇಡ, ತಣಿಸಲೆಂದೇ ತಿರುಗುತ್ತದೆ.

ಮರುಪ್ರಶ್ನೆ (ತುಮಕೂರು)

ಇಬ್ಬರಿಗೂ ವಂದನೆ. ದಮ್ಮು, ಪಳಗಿಸು, ತಳ ಹತ್ತು, ಮೂರನ್ನೂ ತೆಗೆದುಕೊಂಡೆ. ದಮ್ಮು ಮಿತಿ ಮೀರದಂತೆ ಹೆಚ್ಚಾದ ಹೊಗೆಯನ್ನು ಚಕ್ರದ ಪಕ್ಕದಿಂದ ಹೊರಬಿಡುವ ವೇಸ್ಟ್‌ಗೇಟಿಗೆ ‘ತೂಬು’ ಅನ್ನಬಹುದೇ?

ಉತ್ತರ (ಮುಳಬಾಗಿಲು)

ತೂಬಲ್ಲ ಸಾರ್, ‘ಕೋಡಿ’. ತೂಬಿನ ನೀರು ಗದ್ದೆಗೆ, ಕೋಡಿಯದು ಕೆರೆಗೆ ಮಿಕ್ಕಿದ್ದು. ಹಳೆಯ ವೇಸ್ಟ್‌ಗೇಟು ಗಾಳಿಯ ಒತ್ತಡಕ್ಕೆ ತಾನಾಗಿ ತೆರೆಯುತ್ತಿತ್ತು, ಅಪ್ಪಟ ಕೋಡಿಯೇ. ಈಗಿನ ಅನೇಕ ಗಾಡಿಗಳಲ್ಲಿ ಕಂಪ್ಯೂಟರ್ ಹೇಳಿದಂತೆ ಮೋಟರ್ ಅದನ್ನು ತೆರೆಯುತ್ತದೆ. ನೀರುಗಂಟಿ ಹಲಗೆ ಎತ್ತಿದ ಹಾಗೆ ಅನ್ನಿ, ಆದರೂ ಹರಿಯುವುದು ಮಿಕ್ಕಿದ್ದೇ.