‘ಸಂತಾನಹರಣ’ಕ್ಕೆ ಬದಲು ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಒಂದು ಪ್ರಶ್ನೆ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಹೋದ ವಾರ ಒಂದು ಕರಪತ್ರ ತಂದರು. “ಇದನ್ನ ಓದಿದ್ರ ಹೆಣ್ಮಕ್ಕಳು ಅಂಜತಾರ್ರಿ ಸರ್, ಸ್ವಲ್ಪ ಸರಳ ಮಾಡಿ ಕೊಡ್ರಿ” ಅಂದರು. ಅದರಲ್ಲಿ ನಾಲ್ಕು ಕಡೆ ‘ಸಂತಾನಹರಣ ಶಸ್ತ್ರಚಿಕಿತ್ಸೆ’ ಅಂತಿತ್ತು. ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ ಪದ. ನಿಂತು ಯೋಚಿಸಿದ್ದು ಅವತ್ತೇ.

ಹರಣ ಅಂದರೆ ಒಲ್ಲೆ ಅಂದರೂ ಕಸಿದುಕೊಳ್ಳುವುದು. ಪ್ರಾಣಹರಣ ಇದೆಯಲ್ಲ, ಹಾಗೆ. ಇಲ್ಲವೇ ಪಾಪಹರಣದ ಹಾಗೆ, ಬೇಡದ್ದನ್ನು ಕಳೆಯುವುದು. ಮಕ್ಕಳನ್ನು ಪಾಪದ ಸಾಲಿಗೆ ಸೇರಿಸಿದ ಹಾಗಾಯ್ತಲ್ಲ! ‘ಸಂತಾನಶಕ್ತಿ ಹರಣ’ ಅಂತ ಬಿಡಿಸಿದರೆ ಅರ್ಥ ಸರಿಹೋಗುತ್ತದೆ, ನಿಜ. ನಡುವಿನ ‘ಶಕ್ತಿ’ ಬಿದ್ದುಹೋದರೆ ಕೂಸನ್ನೇ ಎತ್ತಿಕೊಂಡು ಹೋದ ಹಾಗೆ ಕೇಳುತ್ತದೆ.

ನಮ್ಮ ಜನ ಇದನ್ನು ಬಳಸುವುದೂ ಇಲ್ಲ. ಸುಮ್ನೆ ‘ಆಪ್ರೇಷನ್’ ಅಂತಾರೆ. ಕಣ್ಣಿಂದು, ಹರ್ನಿಯಾದ್ದು ಅಂತ ಮುಂದೆ ಏನೂ ಹಚ್ಚದಿದ್ದರೆ ಅದು ಇದೇ, ಅದೂ ಹೆಂಗಸರದ್ದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15–49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ಆಪರೇಷನ್ ಆಗಿತ್ತು. ಗಂಡಸರದ್ದು ನೂರಕ್ಕೆ ಒಂದೂ ಇಲ್ಲ.

ಬೀದರ್ ಕಡೆ ಉರ್ದು ಮಾತಾಡುವವರಲ್ಲಿ ‘ನಸಬಂದಿ’ ಇದೆ. ನಸ್ ಅಂದರೆ ನರ, ಬಂದಿ ಅಂದರೆ ಬಂದ್ ಮಾಡುವುದು. ಎಷ್ಟು ನೇರ ಪದ! ಆದರೆ ತುರ್ತು ಪರಿಸ್ಥಿತಿ ಅದರ ಹೆಸರು ಕೆಡಿಸಿತು. 1976–77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಆದವು, ಸುಮಾರು ಮುಕ್ಕಾಲು ಪಾಲು ಗಂಡಸರಿಗೆ. ಮೇಷ್ಟ್ರುಗಳಿಗೂ ಇಷ್ಟು ‘ಕೇಸ್’ ತರಬೇಕು ಅಂತ ಗುರಿ ಕೊಟ್ಟಿದ್ದ ಕಾಲ. (ಮನುಷ್ಯ ‘ಕೇಸ್’ ಆದದ್ದು ಇನ್ನೊಂದು ಚರ್ಚೆಗೆ ಇರಲಿ.) 1977ರಲ್ಲಿ ಸರ್ಕಾರ ‘ಕುಟುಂಬ ಯೋಜನೆ’ಯನ್ನು ‘ಕುಟುಂಬ ಕಲ್ಯಾಣ’ ಮಾಡಿತು. ಫಲಕ ಬದಲಾಯಿತು, ಗುರಿ ಕೈಬಿಡಲು 1996ರ ತನಕ ಕಾಯಬೇಕಾಯಿತು.

ನನಗೆ ಜಾಸ್ತಿ ಕಾಡಿದ್ದು ಕ್ರಿಯಾಪದ. ನಮ್ಮ ಕಾಕಿ “ಎರಡ್ನೇದು ಹುಟ್ಟಿದ ಮ್ಯಾಲ ಮಾಡಿಸ್ಕೊಂಡೆ” ಅನ್ನುತ್ತಾರೆ. ಪಕ್ಕದ ಮನೆಯ ಮುತ್ಯಾ, ಎಂಬತ್ತು ದಾಟಿದವರು, ಒಬ್ಬಳೇ ಮಗಳ ತಂದೆ. “ನೀವೂ ಮಾಡಿಸ್ಕೊಂಡಿದ್ರೇನು ಮುತ್ಯಾ?” ಅಂದೆ. “ಮಾಡಿಸ್ಕೊಂಡಿಲ್ಲೋ ತಮ್ಮಾ. ಮಾಡ್ಯಾರ” ಅಂದರು. ಮುಂದೆ ಕೇಳಲು ಬಾಯಿ ಬರಲಿಲ್ಲ. ‘ಮಾಡಿಸಿಕೊಳ್ಳು’ ಅನ್ನುವುದರೊಳಗಿನ ‘ಇಸು’ವೂ ಇಲ್ಲದ, ‘ಕೊಳ್ಳು’ವೂ ಇಲ್ಲದ ‘ಮಾಡ್ಯಾರ’ ಅನ್ನುವ ಆ ಒಂದು ಮಾತಿಗೆ ‘ಹರಣ’ ಸರಿಯಾದ ಪದವೇ. ಕಾಕಿಯ ಮಾತಿಗೆ ಅದು ಹೊಂದುವುದಿಲ್ಲ, ಅಲ್ವಾ? (ಆದರೂ ‘ಇನ್ನ ಸಾಕು’ ಅಂತ ಮೊದಲು ಅಂದದ್ದು ಕಾಕಿಯ ಅತ್ತೆ.)

ಹಾಗಾದರೆ ಕರಪತ್ರಕ್ಕೆ ಏನು ಬರೆಯಲಿ? ‘ವಂಧ್ಯೀಕರಣ’ ಬೇಡವೇ ಬೇಡ, ಬಂಜೆ ಅನ್ನುವ ಬೈಗುಳ ಅದರೊಳಗೇ ಕೂತಿದೆ. ಬರೀ ‘ಆಪರೇಷನ್’ ಅಂದರೆ ಇದು ಕಾಯಂ ಅನ್ನುವುದು ಗೊತ್ತಾಗುವುದಿಲ್ಲ. ಸಹಿ ಹಾಕುವವರಿಗೆ ಅದು ಮೊದಲು ಗೊತ್ತಾಗಬೇಕು. ಸದ್ಯಕ್ಕೆ ‘ಮುಂದೆ ಮಕ್ಕಳಾಗದಂತೆ ಮಾಡುವ ಕಾಯಂ ಆಪರೇಷನ್’ ಅಂತ ಬರೆದಿದ್ದೇನೆ. ಉದ್ದವಾಯಿತು. ಯಾದಗಿರಿ, ಶಹಾಪುರ, ಸುರಪುರದ ಕಡೆ ಮನೆಮಂದಿ ಏನನ್ನುತ್ತಾರೆ? ಅಜ್ಜಿಯಂದಿರನ್ನು ಕೇಳಿ ಬರೆಯಿರಿ.