ಕಾಳಿಂಗನನ್ನು ಹಳ್ಳದ ಆಚೆಯೇ ಯಾಕೆ ಬಿಟ್ಟರು?

ವಾಟ್ಸಾಪ್ ಗುಂಪು: ದೊಡ್ಡಮನೆ ಕುಟುಂಬ

ಚಿಕ್ಕಪ್ಪ: (ವಿಡಿಯೊ)

ಚಿಕ್ಕಪ್ಪ: ಬೆಳಿಗ್ಗೆ ಸೌದೆ ಕೊಟ್ಟಿಗೆಗೆ ಕಾಳಿಂಗ ಸರ್ಪ ಬಂದಿತ್ತು. ಕೇರೆ ಹಾವನ್ನು ಅಟ್ಟಿಸಿಕೊಂಡು ಒಳಗೆ ನುಗ್ಗಿದ್ದು. ಹನ್ನೆರಡು ಅಡಿಗೆ ಮೋಸ ಇಲ್ಲ. ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಗಾರ್ಡ್ ಜೊತೆ ಮೂವರು ಸ್ವಯಂಸೇವಕರು ಬಂದರು. ಚೀಲಕ್ಕೆ ಇಳಿಸಿ ಹಳ್ಳದ ಆಚೆ ಕಾಡಿಗೆ ಬಿಟ್ಟರು. ಎಲ್ಲರೂ ಆರಾಮಾಗಿದ್ದೇವೆ, ಯಾರೂ ಗಾಬರಿ ಆಗಬೇಡಿ.

ಭಾವ (ಬೆಂಗಳೂರು): ಹಳ್ಳದ ಆಚೆ ಅಂದ್ರೆ ತೋಟದ ಬೇಲಿಯಿಂದ ಒಂದು ಕೂಗಳತೆ. ಜೀಪ್ ತಂದಿದ್ದರಲ್ಲ, ಆಗುಂಬೆ ಘಾಟಿ ಕಡೆಗೆ ಒಯ್ದು ಬಿಡಲು ಏನಾಗಿತ್ತು? ನಾಳೆ ಮತ್ತೆ ಬರುತ್ತೆ. ಹಾವು ಹಿಡಿದದ್ದು ಸ್ವಲ್ಪ ಹೊತ್ತು, ಅಂಗಳದಲ್ಲಿ ಭಾಷಣ ಅರ್ಧ ಗಂಟೆ. ಬಂದ ಕೆಲಸ ಮಾಡಿ ಹೋದರೆ ಸಾಕಲ್ವಾ?

ಅತ್ತೆ: ಭಾವ ಹೇಳೋದು ಸರಿ. ಅಮ್ಮ ರಾತ್ರಿ ಎದ್ದು ಹೊರಗಿನ ಬಚ್ಚಲಿಗೆ ಹೋಗುತ್ತಾರೆ. ವಿಡಿಯೊ ನೋಡಿದ ಮೇಲೆ ನನಗೆ ಊಟ ಸೇರಿಲ್ಲ. ಇಷ್ಟು ಹತ್ತಿರ ಬಿಟ್ಟು ಹೋಗಿದ್ದಾರೆ ಅಂದ್ರೆ ಏನರ್ಥ?

ತಮ್ಮ (ಡಲ್ಲಾಸ್): (ಫಾರ್ವರ್ಡ್ ಮಾಡಿದ ವಿಡಿಯೊ)

ತಮ್ಮ (ಡಲ್ಲಾಸ್): ಈ ಮನುಷ್ಯನನ್ನು ನೋಡಿ. ಬರಿಗೈಯಲ್ಲಿ ಹಿಡಿದು ಹೆಡೆಗೆ ಮುತ್ತು ಕೊಡ್ತಾನೆ. ಇಂಥವರನ್ನು ಕರೆಸಬೇಕು. ನಮ್ಮನೆಗೆ ಬಂದ ಹುಡುಗರು ಹತ್ತಿರ ಹೋಗೋಕೇ ಹೆದರ್ತಾ ಇದ್ದಾರೆ.

ನಾನು: ತಮ್ಮಾ, ದಯವಿಟ್ಟು ಆ ವಿಡಿಯೊ ಅಳಿಸು. ಮಕ್ಕಳೂ ಈ ಗುಂಪು ನೋಡುತ್ತಾರೆ. ಹೆಡೆಗೆ ಮುತ್ತು ಕೊಟ್ಟು ಹೆಣವಾದವರು ನಮ್ಮ ದೇಶದಲ್ಲಿ ಇದ್ದಾರೆ. ನಮ್ಮ ಮನೆಗೆ ಬಂದವರು ಹೆದರಿ ದೂರ ನಿಂತದ್ದಲ್ಲ. ಹಾವನ್ನು ಆದಷ್ಟು ಕಡಿಮೆ ಮುಟ್ಟುವುದೇ ಸರಿಯಾದ ಕ್ರಮ. ಚಿಕ್ಕಪ್ಪನ ವಿಡಿಯೊ ಇನ್ನೊಮ್ಮೆ ನೋಡು. ಚೀಲದ ಬಾಯಿಗೆ ಕಪ್ಪು ಪೈಪ್ ಕಟ್ಟಿ ನೆಲಕ್ಕೆ ಇಟ್ಟಿದ್ದಾರೆ. ಹಾವಿಗೆ ಅದು ಬಿಲದ ಹಾಗೆ ಕಾಣುತ್ತದೆ. ಕೊಕ್ಕೆಯಲ್ಲಿ ಸುಮ್ನೆ ದಾರಿ ತೋರಿಸಿದರು, ಅದು ತಾನಾಗಿಯೇ ಒಳಗೆ ಹೋಯಿತು. ಯಾರೂ ತಲೆ ಅಮುಕಿ ಹಿಡಿಯಲಿಲ್ಲ, ಯಾರೂ ಎತ್ತಿ ಫೋಟೊ ತೆಗೆಸಿಕೊಳ್ಳಲಿಲ್ಲ. ಕೆಲಸ ಬಲ್ಲವರು ಮಾಡುವುದೇ ಹೀಗೆ.

ನಾನು: ಇನ್ನು ಭಾವ ಕೇಳಿದ್ದಕ್ಕೆ. ದೂರ ಒಯ್ದು ಬಿಡಬೇಕು ಅನ್ನುವುದು ಕೇಳಲು ಚೆನ್ನಾಗಿರುತ್ತದೆ. ಆದರೆ ನಮ್ಮ ಭಾಗದಲ್ಲೇ ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರವನ್ನು ರೊಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದರು. ಅಲ್ಲಿನವರು 2008ರಿಂದ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅವುಗಳ ಹಿಂದೆಯೇ ಕಾಡು, ತೋಟ, ಗದ್ದೆ ಎಲ್ಲ ಸುತ್ತಿದರು. ತನ್ನ ಜಾಗದಲ್ಲಿರುವ ಹಾವಿಗೆ ಪ್ರತಿ ಹಳ್ಳ, ಪ್ರತಿ ಬಿಲ ಗೊತ್ತಿರುತ್ತದೆ. ದೂರ ಒಯ್ದು ಬಿಟ್ಟ ಹಾವು ಎಲ್ಲೂ ನೆಲೆ ನಿಲ್ಲದೆ ಬಹಳ ದೂರ ಅಲೆಯಿತು. ಅಂಥ ಹಾವು ರಸ್ತೆ ದಾಟುತ್ತದೆ, ಇನ್ಯಾರದೋ ಕೊಟ್ಟಿಗೆಗೆ ನುಗ್ಗುತ್ತದೆ. ನಮ್ಮ ಭಯವನ್ನು ಪಕ್ಕದೂರಿನವರ ಮನೆಗೆ ಸಾಗಿಸಿದ ಹಾಗಾಯಿತು.

ಭಾವ (ಬೆಂಗಳೂರು): ಪುಟ್ಟಿ, ನೀನು ವೀಕೆಂಡ್ ಈ ಸ್ವಯಂಸೇವಕರ ಜೊತೆ ಶಾಲೆ ಶಾಲೆ ಸುತ್ತುತ್ತೀಯ, ಅವರ ಪರ ಮಾತಾಡೋದು ಸಹಜ. ನನ್ನ ಪ್ರಶ್ನೆ ಒಂದೇ. ಕಾಳಿಂಗ ಕಚ್ಚಿದರೆ ತೀರ್ಥಹಳ್ಳಿ ಆಸ್ಪತ್ರೆಯಲ್ಲಿ ಔಷಧ ಇದೆಯಾ?

ನಾನು: ಇಲ್ಲ ಭಾವ. ತೀರ್ಥಹಳ್ಳಿಯಲ್ಲಷ್ಟೇ ಅಲ್ಲ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷವನ್ನು ನಾಲ್ಕು ಹಾವಿಗೆಂದು ಮಾಡುತ್ತಾರೆ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಕಾಳಿಂಗಕ್ಕೆ ಬೇಕಾದ್ದು ಥಾಯ್ಲೆಂಡಿನಲ್ಲಿ ತಯಾರಾಗುತ್ತದೆ.

ಭಾವ (ಬೆಂಗಳೂರು): ಮತ್ತೆ? ಔಷಧವೇ ಇಲ್ಲದ ಹಾವನ್ನು ಹಿತ್ತಿಲಲ್ಲಿ ಇಟ್ಟುಕೊಂಡು ಭಾಷಣ ಕೇಳಬೇಕಾ?

ದೊಡ್ಡಪ್ಪ: ಸ್ವಲ್ಪ ತಡೆಯಪ್ಪ. ನಾನೊಂದು ಮಾತು ಹೇಳುತ್ತೇನೆ. ಈ ಮನೆಗೆ ಕಾಳಿಂಗ ಬಂದದ್ದು ಇದೇ ಮೊದಲಲ್ಲ. ನಮ್ಮ ಅಪ್ಪ ಇದ್ದಾಗಲೂ ಬರುತ್ತಿತ್ತು. ನಾಯಿ ಕಟ್ಟಿಹಾಕಿ, ಬಾಗಿಲು ತೆರೆದಿಟ್ಟು, ಮಕ್ಕಳನ್ನು ಜಗಲಿ ಮೇಲೆ ಕೂರಿಸುತ್ತಿದ್ದರು. ಸಂಜೆಯೊಳಗೆ ಅದರ ಪಾಡಿಗೆ ಅದು ಹೋಗುತ್ತಿತ್ತು. ಕೊಲ್ಲುವ ಮಾತೇ ಇಲ್ಲ. ನಾಗರ ಬನಕ್ಕೆ ಕೈ ಮುಗಿಯುವವರು ನಾವು. ಆದರೆ ಆಗ ಕೊಟ್ಟಿಗೆ ಪಕ್ಕದಲ್ಲೇ ಕಾಡಿತ್ತು. ಈಗ ಅಡಿಕೆ ತೋಟ ಹಳ್ಳದವರೆಗೂ ಇಳಿದಿದೆ. ಅದು ಬೇರೆ ಎಲ್ಲಿಗೆ ಹೋಗಬೇಕು ಹೇಳು.

ಅತ್ತೆ: ಅಣ್ಣ, ಆ ಕಾಲದಲ್ಲಿ ಮನೆ ತುಂಬ ಜನ ಇದ್ದರು. ಈಗ ಇರೋದು ಮೂವರು.

ನಾನು: ಅತ್ತೆ, ನಿಮ್ಮ ಚಿಂತೆ ನಿಜ. ಅಜ್ಜಿಗೆ ರಾತ್ರಿ ಬಚ್ಚಲ ದಾರಿಗೆ ದೀಪ ಹಾಕಿಸೋಣ, ಕೈಗೊಂದು ಟಾರ್ಚ್ ಕೊಡೋಣ. ಆದರೆ ಅಜ್ಜಿಗೆ ಅಪಾಯ ಇರುವುದು ಕಾಳಿಂಗದಿಂದಲ್ಲ. ಕಾಳಿಂಗ ಓಡಾಡುವುದು ಹಗಲಲ್ಲಿ. ಅದು ಮನುಷ್ಯರನ್ನು ಕಚ್ಚಿದ್ದು ತೀರಾ ಅಪರೂಪ. ರಾತ್ರಿ ಮನೆಯೊಳಗೆ ಬಂದು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಕಟ್ಟು ಹಾವು. ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂಬ ಅಂದಾಜಿದೆ. ಬಹುಪಾಲು ಹಳ್ಳಿಯವರು. ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಆದೇಶ ಮಾಡಿತು. ಕಾಳಿಂಗದ ಊಟವೇ ಬೇರೆ ಹಾವು. ಕೇರೆ, ನಾಗರ, ಎಲ್ಲವನ್ನೂ ತಿನ್ನುತ್ತದೆ.

ನಾನು: ಆ ಅರ್ಧ ಗಂಟೆಯಲ್ಲಿ ಹೇಳುವುದು ಇದನ್ನೇ ಭಾವ. ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧ ಅಂತ ಹೊತ್ತು ಕಳೆಯಬೇಡಿ, ಕಚ್ಚಿದ ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗಿ. ಬೇರೆ ದಿನ ಈ ಮಾತು ಹೇಳಲು ಸಭೆ ಕರೆದರೆ ಹತ್ತು ಜನ ಬರುವುದಿಲ್ಲ. ಕಾಳಿಂಗ ಬಂದ ದಿನ ಕೇರಿಗೆ ಕೇರಿಯೇ ಅಂಗಳದಲ್ಲಿ ನಿಂತಿರುತ್ತದೆ. ಹಾವನ್ನು ಚೀಲಕ್ಕೆ ಹಾಕಿದರೆ ಆ ಒಂದು ದಿನದ ಕಷ್ಟ ಮಾತ್ರ ತೀರುತ್ತದೆ. ಈ ಮಾತು ಜನರ ತಲೆಯಲ್ಲಿ ಕೂತರೆ ಮುಂದಿನ ಸಲ ಹಾವೂ ಉಳಿಯುತ್ತದೆ, ಜನರೂ ಉಳಿಯುತ್ತಾರೆ. ನನಗೆ ಈ ಕೆಲಸದಲ್ಲಿ ಅತಿ ಮುಖ್ಯ ಅನಿಸುವುದು ಆ ಅರ್ಧ ಗಂಟೆಯೇ.

ತಮ್ಮ (ಡಲ್ಲಾಸ್): ಅಳಿಸಿದೆ ಅಕ್ಕ. ಆದರೆ ಮೂರು ಜನ ಯಾಕೆ ಬೇಕಿತ್ತು?

ನಾನು: ಒಬ್ಬರು ಹಾವು ನೋಡಿಕೊಳ್ಳಲು, ಒಬ್ಬರು ಚೀಲಕ್ಕೆ, ಇನ್ನೊಬ್ಬರು ಜನರನ್ನು ದೂರ ನಿಲ್ಲಿಸಲು. ಮೂರನೆಯ ಕೆಲಸವೇ ಕಷ್ಟ. ಎಲ್ಲರ ಕೈಯಲ್ಲೂ ಮೊಬೈಲ್.

ಚಿಕ್ಕಮ್ಮ: ಇಷ್ಟೊತ್ತು ಅಡಿಗೆ ಮನೆಯಲ್ಲಿದ್ದೆ, ಈಗ ಎಲ್ಲ ಓದಿದೆ. ಅಲ್ಲಿ ಇದ್ದವಳು ನಾನು, ಹಾಗಾಗಿ ನನ್ನ ಮಾತೂ ಕೇಳಿ. ಭಾಷಣ ಅಲ್ಲ ಅದು. ಆ ಹುಡುಗಿ, ಮೂವರಲ್ಲಿ ಒಬ್ಬಳು ಹುಡುಗಿ, ಮೊದಲು ನಮ್ಮನ್ನೇ ಕೇಳಿದಳು, ಹಾವು ಯಾವ ಕಡೆಯಿಂದ ಬಂತು, ನೀವು ಏನು ನೋಡಿದಿರಿ ಅಂತ. ಏಪ್ರಿಲ್ ಅಲ್ವಾ, ಈಗ ಹೆಣ್ಣಿನ ವಾಸನೆ ಹಿಡಿದು ಗಂಡು ತುಂಬ ಅಲೆಯುತ್ತದೆ ಎಂದಳು. ಆಮೇಲೆ ಗೂಡಿನ ಫೋಟೊ ತೋರಿಸಿದಳು. ಇಷ್ಟು ವರ್ಷ ಇಲ್ಲೇ ಇದ್ದೇನೆ, ಹಾವು ಗೂಡು ಕಟ್ಟುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕೈಯಿಲ್ಲ ಕಾಲಿಲ್ಲ, ಮೈ ಸುರುಳಿಯಲ್ಲೇ ಬಿದಿರೆಲೆ ಎಳೆದೆಳೆದು ಗುಡ್ಡೆ ಮಾಡಿ ಒಳಗೆ ಮೊಟ್ಟೆ ಇಡುತ್ತದಂತೆ. ಮಳೆ ಸುರಿದರೂ ಒಳಗೆ ನೀರು ಇಳಿಯದ ಹಾಗೆ. ಮೇಲೆ ತಾಯಿ ಕಾವಲು ಕೂರುತ್ತದೆ. ದರಗಿನ (ಒಣಗಿದ ಎಲೆಯ) ಗುಡ್ಡೆ ಹಾಗೆ ಕಂಡರೆ ಕೆದಕಬೇಡಿ, ಹೇಳಿ ಕಳಿಸಿ, ಮರಿ ಆಗುವವರೆಗೆ ನಾವು ಬಂದು ಕಾಯುತ್ತೇವೆ ಎಂದಳು.

ಚಿಕ್ಕಮ್ಮ: ಆಗ ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬಳು ಎದ್ದು ನಿಂತು ಕೇಳಿದಳು. ದರಗು ಗುಡಿಸುವುದು ನಾವು, ಅಡಿಕೆ ಹಾಳೆ ಹೆಕ್ಕುವುದು ನಾವು, ಗುಡ್ಡೆಗೆ ಕೈ ಹಾಕುವುದು ನಾವು. ದಣಿಗಳ ಅಂಗಳದಲ್ಲಿ ಹೇಳಿದರೆ ನಮ್ಮ ಕೇರಿಗೆ ಯಾರು ಹೇಳುತ್ತಾರೆ? ಬರಿಗಾಲಿನಲ್ಲಿ ಇರುವವರು ನಾವಲ್ವಾ? ಎಲ್ಲರೂ ಸುಮ್ಮನಾದರು. ಆ ಹುಡುಗಿಯೂ ಸ್ವಲ್ಪ ಹೊತ್ತು ಸುಮ್ಮನಿದ್ದು, ನೀವು ಹೇಳುವುದು ನ್ಯಾಯ, ನಿಮ್ಮ ಕೇರಿಗೇ ಬರುತ್ತೇವೆ, ಯಾವಾಗ ಬರಲಿ ಎಂದು ಕೇಳಿದಳು.

ಭಾವ (ಬೆಂಗಳೂರು): ಅದು ಸರಿಯಾದ ಪ್ರಶ್ನೆ. ನಾನು ಹೇಳುವುದೂ ಅದೇ ಅನ್ನಿ. ಮಾತಿನಿಂದ ಕಾಲಿಗೆ ರಕ್ಷಣೆ ಸಿಗುವುದಿಲ್ಲ. ಬೂಟು ಬೇಕು, ಉದ್ದ ಹಿಡಿಯ ಕುಂಟೆ ಬೇಕು. ಸ್ವಯಂಸೇವಕರು ಅದನ್ನು ಕೊಡುತ್ತಾರಾ?

ನಾನು: ಅವರ ಹತ್ತಿರ ಅಷ್ಟು ದುಡ್ಡಿರುವುದಿಲ್ಲ ಭಾವ. ಪೆಟ್ರೋಲು ಎಷ್ಟೋ ಸಲ ಅವರದೇ ಜೇಬಿನದು. ಬೂಟು ಕೊಡಿಸಬೇಕಾದವರು ತೋಟ ಇರುವವರು, ಅಂದರೆ ನಾವು.

ದೊಡ್ಡಪ್ಪ: ಸರಿಯಾಗಿ ಹೇಳಿದೆ. ಅಡಿಕೆ ರೇಟು ಬಂದಾಗ ಎಲ್ಲರೂ ಪಾಲು ಕೇಳುತ್ತೀರಿ. ಇದರಲ್ಲೂ ಎಲ್ಲರ ಪಾಲಿರಲಿ.

ಚಿಕ್ಕಪ್ಪ: ಭಾನುವಾರ ಶಾಲೆಯಲ್ಲಿ ಮಾಡೋಣ ಎಂದಿದ್ದರು.

ಚಿಕ್ಕಮ್ಮ: ಭಾನುವಾರ ಬೇಡ. ಅವರು ಸಂತೆಗೆ ಹೋಗುತ್ತಾರೆ, ಬಟ್ಟೆ ಒಗೆಯುತ್ತಾರೆ, ಇರುವುದು ಅದೊಂದು ರಜೆ. ಬುಧವಾರ ಮೂರೂವರೆಗೆ ಕೆಲಸ ನಿಲ್ಲಿಸಿ. ಆ ಹೊತ್ತಿನ ಸಂಬಳ ಹಿಡಿಯಬೇಡಿ. ಅವರ ಕೇರಿಯ ಕಟ್ಟೆ ಹತ್ತಿರ ಮಾಡಲಿ, ಕಾಫಿ ನಾನು ಕಳಿಸುತ್ತೇನೆ.

ಅತ್ತೆ: ಅಮ್ಮನ ಬಚ್ಚಲ ದಾರಿಯ ದೀಪ ಬುಧವಾರದವರೆಗೆ ಕಾಯುವುದು ಬೇಡ. ನಾಳೆಯೇ ಹಾಕಿಸಿ, ದುಡ್ಡು ನಾನು ಕಳಿಸುತ್ತೇನೆ. ಮತ್ತೆ ಆ ಸೌದೆಯನ್ನು ಗೋಡೆಯಿಂದ ಈಚೆ ಎತ್ತರದಲ್ಲಿ ಜೋಡಿಸಿ. ಇಲಿ ಸೇರಿದರೆ ಕೇರೆ ಬರುತ್ತೆ, ಕೇರೆ ಬಂದರೆ ಅದೂ ಬರುತ್ತೆ.

ನಾನು: ಅತ್ತೆ, ಆ ಹುಡುಗಿ ಹೇಳಿದ್ದೂ ಇದನ್ನೇ.

ಭಾವ (ಬೆಂಗಳೂರು): ಬೂಟಿನ ಖರ್ಚು ನನ್ನದು. ಆದರೆ ಹಳ್ಳದ ಆಚೆ ಬಿಟ್ಟದ್ದು ನನಗೆ ಇನ್ನೂ ಒಪ್ಪಿಗೆ ಇಲ್ಲ. ಬುಧವಾರ ನಾನೂ ಬರುತ್ತೇನೆ, ಆ ರೇಡಿಯೊ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕು.

ನಾನು: ಬನ್ನಿ ಭಾವ. ಎಷ್ಟು ಬೇಕಾದರೂ ಕೇಳಿ. ಇನ್ನೊಂದು ವಿಷಯ ಇದೆ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಎಂದು ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದರು. ವಿಜ್ಞಾನದ ಹೆಸರಿನಲ್ಲೂ ಈಗ ನಮ್ಮ 'ಕಾಳಿಂಗ' ಇದೆ. ಇದು ಈ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಹಾವು. ಇದರ ಬಗ್ಗೆಯೂ ಕೇಳಿ, ಅವರು ಖುಷಿಯಿಂದ ಹೇಳುತ್ತಾರೆ.

ಚಿಕ್ಕಮ್ಮ: ಬೂಟಿನ ಅಳತೆ ನಾಳೆ ಕಳಿಸುತ್ತೇನೆ. ಹನ್ನೊಂದು ಜನ, ಅದರಲ್ಲಿ ಏಳು ಹೆಂಗಸರು. ತೀರ್ಥಹಳ್ಳಿ ಅಂಗಡಿಯಲ್ಲಿ ಗಂಡಸರ ಅಳತೆಯದು ಮಾತ್ರ ಇರುತ್ತದೆ. ಸಣ್ಣ ಅಳತೆಯದನ್ನು ಬೆಂಗಳೂರಿನಿಂದಲೇ ತನ್ನಿ.